ಹೊರನಾಡಿನ ಪೌರತ್ವ: ಮನೆಮಂದಿ ಅರಿತಿರಬೇಕಾದ ಸಂಗತಿಗಳು

ನಮ್ಮ ಸಮಾಜದ ಅನೇಕ ಮನೆತನಗಳ ಮಕ್ಕಳು ಇಂದು ಅಮೆರಿಕ, ಇಂಗ್ಲೆಂಡ್, ಕೆನಡಾ ಮೊದಲಾದ ದೇಶಗಳಲ್ಲಿ ಕಾಯಕನಿರತರಾಗಿದ್ದಾರೆ. ಕಾಯಕಕ್ಕೆ ದೇಶದ ಕಟ್ಟಿಲ್ಲ; ಇಷ್ಟಲಿಂಗವು ಧರಿಸಿದವರೊಡನೆ ಎಲ್ಲಿಗಾದರೂ ಬರುತ್ತದೆ. ಆದರೆ ಪೌರತ್ವಕ್ಕೆ ಗಡಿಯುಂಟು, ಶಾಸನವುಂಟು. ಅಲ್ಲಿಯ ಪಾಸ್‌ಪೋರ್ಟ್ ಪಡೆದರೂ ಇಲ್ಲಿಯದು ಉಳಿಯುತ್ತದೆಯೇ ಎಂದು ತಾಯಿತಂದೆಗಳು ನಮ್ಮನ್ನು ಕೇಳುವುದುಂಟು. ಉಳಿಯುವುದಿಲ್ಲ ಎಂಬುದೇ ಸ್ಪಷ್ಟವಾದ ಉತ್ತರ.

ಭಾರತವು ದ್ವಿಪೌರತ್ವವನ್ನು ಮಾನ್ಯಮಾಡುವುದಿಲ್ಲ. 1955ರ ಪೌರತ್ವ ಅಧಿನಿಯಮದ 9ನೆಯ ಪ್ರಕರಣದಂತೆ, ಸ್ವಇಚ್ಛೆಯಿಂದ ಪರದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವವು ತಾನಾಗಿಯೇ ಕೊನೆಗೊಳ್ಳುತ್ತದೆ. ಬಳಿಕ ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿಬಿಡಬೇಕು; ಅದನ್ನು ಬಳಸುವುದು ಅಪರಾಧ.

ಗ್ರೀನ್ ಕಾರ್ಡ್ ದೊರೆತ ಮಾತ್ರಕ್ಕೆ ಯಾರೂ ಅಮೆರಿಕದ ಪ್ರಜೆಗಳಾಗುವುದಿಲ್ಲ. ಅದು ಕಾಯಂ ವಾಸದ ಅನುಮತಿ. ಅದನ್ನು ಪಡೆದು ಸಾಮಾನ್ಯವಾಗಿ 5 ವರ್ಷ, ಅಲ್ಲಿಯ ಪ್ರಜೆಯ ಪತಿ ಅಥವಾ ಪತ್ನಿಯಾಗಿ ಕೂಡಿ ಬಾಳುತ್ತಿದ್ದರೆ 3 ವರ್ಷ ಕಳೆದ ಬಳಿಕ ಅರ್ಜಿ ಸಲ್ಲಿಸಬಹುದು. ಇಂಗ್ಲಿಷ್ ಭಾಷೆ, ಆ ದೇಶದ ಇತಿಹಾಸ ಹಾಗೂ ಆಡಳಿತಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ನಿಷ್ಠೆಯ ಪ್ರಮಾಣವಚನ ಸ್ವೀಕರಿಸಬೇಕು. ಒಬ್ಬರಿಗೆ ಎರಡು ಪೌರತ್ವಗಳಿರುವುದನ್ನು ಅಮೆರಿಕದ ಕಾನೂನು ತಡೆಯುವುದಿಲ್ಲ. ಭಾರತದಲ್ಲಿಯೂ ಹಾಗೆಯೇ ಎಂಬ ಭ್ರಮೆಗೆ ಇದೇ ಮೂಲ.

2005ರಲ್ಲಿ ಆರಂಭವಾದ 'ಸಾಗರೋತ್ತರ ಭಾರತೀಯ ನಾಗರಿಕ' ನೋಂದಣಿಯನ್ನು, ಅಂದರೆ ಓಸಿಐ ಕಾರ್ಡನ್ನು, ಹಲವರು ದ್ವಿಪೌರತ್ವವೆಂದೇ ಬಗೆದಿದ್ದಾರೆ. ಹೆಸರಿನಲ್ಲಿ ನಾಗರಿಕತ್ವವಿದ್ದರೂ ಅದು ಪೌರತ್ವವಲ್ಲ. ಇದುಳ್ಳವರು ವೀಸಾ ಇಲ್ಲದೆ ಜೀವನಪರ್ಯಂತ ಭಾರತಕ್ಕೆ ಬಂದುಹೋಗಬಹುದು, ಎಷ್ಟು ಕಾಲವಾದರೂ ನೆಲೆಸಬಹುದು. ಆದರೆ ಮತದಾನ ಮಾಡುವಂತಿಲ್ಲ, ಚುನಾವಣೆಗೆ ನಿಲ್ಲುವಂತಿಲ್ಲ. 2021ರ ಅಧಿಸೂಚನೆಯಂತೆ ಸಂಶೋಧನೆ, ಪತ್ರಿಕಾವೃತ್ತಿ, ಧರ್ಮಪ್ರಚಾರಗಳಿಗೆ ವಿಶೇಷ ಅನುಮತಿ ಬೇಕು. ಇಲ್ಲಿಗೆ ಬಂದು ಧರ್ಮಪ್ರಸಾರದಲ್ಲಿ ತೊಡಗಬಯಸುವ ಹೊರನಾಡಿನ ಭಕ್ತರು ಇದನ್ನು ನೆನಪಿಡಬೇಕು.

ಒಕ್ಕಲುತನದ ಮನೆತನಗಳಿಗೆ ಮುಖ್ಯವಾದುದು ಭೂಮಿಯ ಪ್ರಶ್ನೆ. ಓಸಿಐ ಕಾರ್ಡುಳ್ಳವರು ಇಲ್ಲಿ ಮನೆ ಕೊಳ್ಳಬಹುದು. ಕೃಷಿಭೂಮಿ, ತೋಟದ ಜಮೀನು, ತೋಟದ ಮನೆಗಳನ್ನು ಕೊಳ್ಳುವಂತಿಲ್ಲ. ತಂದೆಯು ಬದುಕಿರುವಾಗ ಹೊಲವನ್ನು ದಾನಪತ್ರದ ಮೂಲಕ ಅಂತಹ ಮಗನಿಗೆ ಕೊಡಲೂ ಅವಕಾಶವಿಲ್ಲ. ವಾರಸಿನಿಂದ ಬರುವ ಭೂಮಿಗೆ ಈ ತಡೆಯಿಲ್ಲ. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡು ಹೊರದೇಶದಲ್ಲಿ ನೆಲೆಸಿದವರಿಗೂ ಇದೇ ನಿಯಮ. ಆದ್ದರಿಂದ ಹಿರಿಯರು ಕಾಗದಪತ್ರ ಮಾಡಿಸುವ ಮುನ್ನ ಬಲ್ಲ ವಕೀಲರನ್ನು ಕಾಣುವುದು ಲೇಸು.

ಮರಳಿ ಬರುವ ದಾರಿ ಪೂರ್ಣ ಮುಚ್ಚಿಲ್ಲ. ಓಸಿಐ ನೋಂದಣಿಯಾಗಿ 5 ವರ್ಷ ತುಂಬಿ, ಅರ್ಜಿಗೆ ಮುನ್ನ 12 ತಿಂಗಳು ಭಾರತದಲ್ಲಿ ವಾಸವಿದ್ದವರು ಪುನಃ ಪೌರತ್ವ ಕೋರಬಹುದು. ಆಗ ಅಲ್ಲಿಯದನ್ನು ತ್ಯಜಿಸಬೇಕಾಗುತ್ತದೆ.

ಪರದೇಶದ ಪ್ರಜೆಯಾಗುವುದು ತಪ್ಪೆಂದು ನಾವು ಹೇಳುವುದಿಲ್ಲ. ಅನ್ನ ನೀಡಿದ ನೆಲಕ್ಕೆ ನಿಷ್ಠರಾಗಿರುವುದು ಶರಣಧರ್ಮವೇ. ಆದರೆ ಪ್ರಮಾಣವಚನದ ದಿನ ಗೊತ್ತಾದ ಬಳಿಕ ಊರಿಗೆ ಸುದ್ದಿ ತಿಳಿಸುವ ಬದಲು, ಅರ್ಜಿ ಹಾಕುವ ಮುನ್ನವೇ ಮಕ್ಕಳು ಹೆತ್ತವರೊಡನೆ ಕುಳಿತು ಮಾತನಾಡಲಿ. ವೃದ್ಧಾಪ್ಯದಲ್ಲಿ ತಾಯಿತಂದೆಗಳನ್ನು ನೋಡಿಕೊಳ್ಳುವವರಾರು, ಹೊಲವನ್ನು ಉಳುವವರಾರು ಎಂಬುದನ್ನು ಯಾವ ಕಾನೂನೂ ನಿರ್ಧರಿಸಿಕೊಡುವುದಿಲ್ಲ. ಅದನ್ನು ಮನೆಯವರೇ ಕೂಡಿ ನಿರ್ಧರಿಸಬೇಕು.