ಒಂದೇ ಬಿಂದು ರೇಖೆಯನ್ನು ತಿರುಗಿಸುವುದೇಕೆ?

ಪ್ರಶ್ನೆ: ಘಟ್ಟದ ಮಳೆಗೂ ಬಂಟ್ವಾಳದಲ್ಲಿ ನೇತ್ರಾವತಿಯ ಮಟ್ಟಕ್ಕೂ ಇರುವ ಸಂಬಂಧವನ್ನು ಗ್ರಾಫಿನಲ್ಲಿ ಗುರುತಿಸಿ ಸರಳರೇಖೆ ಎಳೆದರೆ, ಮಹಾನೆರೆಯ ಒಂದೇ ವರ್ಷ ಇಡೀ ರೇಖೆಯನ್ನು ತಿರುಗಿಸುವುದೇಕೆ?

1923 ಹಾಗೂ 1974ರ ನೆರೆಗಳನ್ನು ಬಂಟ್ವಾಳದ ಪೇಟೆ ಮರೆತಿಲ್ಲ. ಅಂತಹ ವರ್ಷದ ಬಿಂದುವು ಉಳಿದವುಗಳ ಗುಂಪಿನಿಂದ ದೂರದಲ್ಲಿ ಏಕಾಕಿಯಾಗಿ ನಿಲ್ಲುವುದು ಸಹಜವೇ. ರೇಖೆಯನ್ನೆಳೆಯುವ ರೂಢಿಯ ವಿಧಾನವಾದರೋ, ಪ್ರತಿಯೊಂದು ಬಿಂದುವೂ ರೇಖೆಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಇದೆಯೆಂದು ಅಳೆದು, ಆ ಅಂತರಗಳ ವರ್ಗಗಳ ಮೊತ್ತವು ಕನಿಷ್ಠವಾಗುವಂತೆ ರೇಖೆಯನ್ನು ನಿಲ್ಲಿಸುವುದು. ಒಂದಡಿಯ ಅಂತರಕ್ಕೆ ಒಂದು, ಹತ್ತಡಿಯ ಅಂತರಕ್ಕೆ ನೂರು ಎಂದು ಲೆಕ್ಕಕ್ಕೆ ಬರುವುದರಿಂದ ರೇಖೆಯು ದೂರದ ಬಿಂದುವಿನತ್ತ ವಾಲುತ್ತದೆ.

ಆದರೆ ಬಿಂದು ಎಲ್ಲಿದೆಯೆಂಬುದೇ ಮುಖ್ಯ. ತೋಟದ ಏತದ ಮರವನ್ನು ನೆನೆಯಿರಿ: ಆಧಾರದ ಬಳಿ ಕಟ್ಟಿದ ಕಲ್ಲು ಮರವನ್ನು ಅಷ್ಟಾಗಿ ಕದಲಿಸದು, ತುದಿಗೆ ಕಟ್ಟಿದ ಅದೇ ಕಲ್ಲು ತುಂಬಿದ ಕೊಡವನ್ನೆತ್ತುತ್ತದೆ. ಹಾಗೆಯೇ, ಸಾಧಾರಣ ಮಳೆಯ ವರ್ಷದಲ್ಲಿ ಹೊಳೆ ಅಕಸ್ಮಾತ್ತಾಗಿ ಏರಿದರೆ ರೇಖೆ ಕೊಂಚ ಮೇಲೇರುವುದೇ ಹೊರತು ಅದರ ಓರೆ ಹೆಚ್ಚು ಬದಲಾಗದು. ಅತಿವೃಷ್ಟಿಯ ವರ್ಷದ ಬಿಂದು ಉಳಿದವುಗಳ ದಾರಿ ಬಿಟ್ಟು ನಿಂತಾಗಲಾದರೋ ಓರೆಯೇ ತಿರುಗುತ್ತದೆ.

ಮಳೆ ಹಾಗೂ ಮಟ್ಟ ಎಷ್ಟರಮಟ್ಟಿಗೆ ಒಂದೇ ಸರಳರೇಖೆಯನ್ನು ಅನುಸರಿಸುತ್ತವೆಂದು ಹೇಳುವ ಸಹಸಂಬಂಧದ ಅಂಕಕ್ಕೂ ಇದೇ ಗತಿ. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ ರಚಿಸಿದ ಒಂದು ಉದಾಹರಣೆಯಲ್ಲಿ ಹತ್ತು ಬಿಂದುಗಳು ಒಂದೇ ಲಂಬರೇಖೆಯ ಮೇಲಿದ್ದು ಯಾವ ಸಂಬಂಧವನ್ನೂ ತೋರವು. ದೂರದ ಹನ್ನೊಂದನೆಯದೊಂದೇ ಆ ಅಂಕವನ್ನು 0.82ಕ್ಕೆ ಏರಿಸಿಬಿಡುತ್ತದೆ! ಹಾಗೆಂದು ನೆರೆಯ ವರ್ಷವನ್ನು ಅಳಿಸಿಹಾಕುವುದು ನನಗೆ ಸಮ್ಮತವಲ್ಲ. ಅದು ಅಳತೆಯ ದೋಷವಲ್ಲವೆಂದು ಖಚಿತವಾದ ಮೇಲೆ, ಅದನ್ನು ಸೇರಿಸಿಯೂ ಬಿಟ್ಟೂ ಎರಡು ರೇಖೆಗಳನ್ನೆಳೆದು, ಎರಡನ್ನೂ ಓದುವವರ ಮುಂದಿಡತಕ್ಕದ್ದು.