ಬೆಳಕು ದಾಟದ ಕಾಳು

ಅಮೆರಿಕದ ಇಂಡಿಯಾನಾ ಸೀಮೆಯಲ್ಲಿ ಮೆಕ್ಕೆಜೋಳ ಬೆಳೆಯುವವರು ಹಂದಿಯನ್ನೂ ಸಾಕುತ್ತಿದ್ದರು. ಜೋಳವನ್ನು ಹಾಗೇ ಮಾರುವುದಕ್ಕಿಂತ ಹಂದಿಗೆ ತಿನ್ನಿಸಿ ಹಂದಿಯನ್ನೇ ಮಾರಿದರೆ ಲಾಭ ಎಂಬುದು ಅಲ್ಲಿನ ಹಳೆಯ ಲೆಕ್ಕ. ಆದರೆ ಬರೀ ಜೋಳ ತಿಂದ ಮರಿ ಮೈಗೂಡುವುದಿಲ್ಲ ಎಂಬುದೂ ಅವರಿಗೆ ತಿಳಿದಿತ್ತು. ಅದಕ್ಕೇ ಕೆನೆ ತೆಗೆದ ಹಾಲನ್ನೋ ಕಸಾಯಿಖಾನೆಯ ಮಾಂಸದ ಪುಡಿಯನ್ನೋ ಮೇವಿಗೆ ಬೆರೆಸುತ್ತಿದ್ದರು. ಕಾರಣ ಕೇಳಿದರೆ, ಜೋಳದಲ್ಲಿ ಪ್ರೋಟೀನ್ ಸಾಲದು ಅನ್ನುವುದು ಸಿದ್ಧ ಉತ್ತರ. ಉತ್ತರ ಅರ್ಧ ಮಾತ್ರ ಸರಿ.

ಉಳಿದರ್ಧ ಮೊದಲು ಹೊಳೆದದ್ದು ಹಂದಿಯಿಂದಲ್ಲ, ಇಲಿಯಿಂದ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್‌ನಲ್ಲಿ ಥಾಮಸ್ ಆಸ್ಬರ್ನ್ ಮತ್ತು ಲಾಫಯೆಟ್ ಮೆಂಡೆಲ್ ಜೋಳದ ಮುಖ್ಯ ಪ್ರೋಟೀನಾದ ಝೀನನ್ನು ಬೇರ್ಪಡಿಸಿ ಇಲಿಗಳಿಗೆ ತಿನ್ನಿಸಿದರು. ಹೊಟ್ಟೆ ತುಂಬ ಪ್ರೋಟೀನ್ ಸಿಕ್ಕರೂ ಇಲಿಗಳು ಸೊರಗಿದವು. 1914ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸರಳವಾಗಿತ್ತು: ಪ್ರೋಟೀನಿನ ಬಿಡಿಭಾಗಗಳಾದ ಅಮೈನೋ ಆಮ್ಲಗಳಲ್ಲಿ ಒಂದಾದ ಟ್ರಿಪ್ಟೋಫ್ಯಾನನ್ನು ಅದೇ ಝೀನ್‌ಗೆ ಸೇರಿಸಿದರೆ ಇಲಿ ಬದುಕಿಕೊಳ್ಳುತ್ತದೆ, ಇನ್ನೊಂದಾದ ಲೈಸೀನನ್ನೂ ಸೇರಿಸಿದರೆ ಬೆಳೆಯುತ್ತದೆ. ಗೋಧಿಯ ಗ್ಲಯಾಡಿನ್ ತಿಂದ ಮರಿಗಳದ್ದು ಇನ್ನೂ ವಿಚಿತ್ರ. ಅವು ಸಾಯಲಿಲ್ಲ, ಬೆಳೆಯಲೂ ಇಲ್ಲ. ಮರಿಯ ಗಾತ್ರದಲ್ಲೇ ದಿನ ತಳ್ಳಿದವು. ಲೈಸೀನ್ ಕೊಟ್ಟ ಮೇಲೆ ನಿಂತಲ್ಲಿಂದಲೇ ಬೆಳವಣಿಗೆ ಮುಂದುವರಿಯಿತು.

ಕೊರತೆ ಪ್ರಮಾಣದ್ದಲ್ಲ, ಜಾತಿಯದ್ದು. ದೇಹ ಪ್ರೋಟೀನ್ ಕಟ್ಟುವುದು ಹಳೆಯ ಮುದ್ರಣಾಲಯದಲ್ಲಿ ಅಚ್ಚುಮೊಳೆ ಜೋಡಿಸಿದ ಹಾಗೆ. ಒಂದು ಅಕ್ಷರದ ಮೊಳೆ ಮುಗಿಯಿತೆಂದರೆ ಉಳಿದ ಅಕ್ಷರ ರಾಶಿ ಬಿದ್ದಿದ್ದರೂ ಸಾಲು ಅಲ್ಲೇ ನಿಲ್ಲುತ್ತದೆ. ಹೀಗೆ ಮಿಕ್ಕ ಅಮೈನೋ ಆಮ್ಲಗಳನ್ನು ದೇಹ ಕೂಡಿಡುವುದಿಲ್ಲ. ಒಡೆದು, ಅವುಗಳ ಸಾರಜನಕವನ್ನು ಯೂರಿಯಾ ಮಾಡಿ ಮೂತ್ರದಲ್ಲಿ ಹೊರಹಾಕುತ್ತದೆ. ರೈತ ಕಾಸು ಕೊಟ್ಟು ತಂದ ಮೇವು ದೊಡ್ಡಿಯ ಚರಂಡಿ ಸೇರುತ್ತದೆ. ಹಸುವಿಗೆ ಈ ಕಷ್ಟ ಕಡಿಮೆ. ಅದರ ಮೊದಲ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳೇ ಎಲ್ಲ ಅಮೈನೋ ಆಮ್ಲಗಳನ್ನೂ ತಯಾರಿಸಿಕೊಡುತ್ತವೆ. ಹಂದಿಯದು ನಮ್ಮಂತೆ ಒಂದೇ ಹೊಟ್ಟೆ, ತಿಂದದ್ದಷ್ಟೇ ಗತಿ.

1946ರಲ್ಲಿ ಎಡ್ವಿನ್ ಮರ್ಟ್ಸ್ ಎಂಬ ಜೀವರಸಾಯನಶಾಸ್ತ್ರಜ್ಞ ಇಂಡಿಯಾನಾದ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಬಂದರು. ಪಶುಪಾಲನೆಯ ಪ್ರಾಧ್ಯಾಪಕ ಬೀಸನ್ ಜೊತೆಗೂಡಿ ಹಂದಿಮರಿಗೆ ಏನೇನು ಬೇಕು ಎಂದು ಹುಡುಕತೊಡಗಿದರು. ಅಮೈನೋ ಆಮ್ಲಗಳನ್ನು ಬೆರೆಸಿ ಮೇವು ಕಲಸುವುದು, ಒಂದೊಂದು ಸಲ ಒಂದೊಂದನ್ನು ಬಿಡುವುದು, ಮರಿಯನ್ನು ತೂಗುವುದು. ಟ್ರಿಪ್ಟೋಫ್ಯಾನ್ ಬಿಟ್ಟಾಗ ಮರಿಗಳು ಮೇವನ್ನೇ ತಿರಸ್ಕರಿಸಿದವು, ತೂಕ ಇಳಿಯಿತು, ಕೂದಲು ಒರಟಾಯಿತು. 1949ರಲ್ಲಿ ಟ್ರಿಪ್ಟೋಫ್ಯಾನ್ ಮತ್ತು ಲೈಸೀನ್ ಕುರಿತ ಅವರ ವರದಿಗಳು ಬಂದವು, 1952ರಲ್ಲಿ ಎಳೆಹಂದಿಗೆ ಅನಿವಾರ್ಯವಾದ ಹತ್ತು ಅಮೈನೋ ಆಮ್ಲಗಳ ಪಟ್ಟಿ. ಜೋಳ ತಿನ್ನುವ ಹಂದಿಗೆ ಎಲ್ಲಕ್ಕಿಂತ ಮೊದಲು ಕೈಕೊಡುವುದು ಲೈಸೀನೇ ಎಂಬುದು ಇಂಥ ಕೆಲಸಗಳಿಂದ ಗಟ್ಟಿಯಾಯಿತು.

ಅದೇ ವಿಶ್ವವಿದ್ಯಾಲಯದಲ್ಲಿ ಆಲಿವರ್ ನೆಲ್ಸನ್ ಎಂಬ ತಳಿಶಾಸ್ತ್ರಜ್ಞ ಇದ್ದರು. ಜೋಳದ ವಿಕೃತ ತಳಿಗಳ ದೊಡ್ಡ ಸಂಗ್ರಹ ಅವರ ಬಳಿಯಿತ್ತು. ಅದರಲ್ಲಿ ಒಂದು ಓಪೇಕ್-2. ದೀಪದ ಮೇಲಿನ ಗಾಜಿನ ಮೇಲೆ ಸಾಮಾನ್ಯ ಕಾಳಿಟ್ಟರೆ ಬೆಳಕು ಹಳದಿಯಾಗಿ ತೂರಿ ಬರುತ್ತದೆ. ಈ ಕಾಳು ಮಂಕಾಗಿ, ಕಪ್ಪಗೆ ಕೂತಿರುತ್ತದೆ. ಉಗುರಿನಿಂದ ಕೆರೆದರೆ ಒಳಗೆಲ್ಲ ಹಿಟ್ಟು. ಇಳುವರಿಯನ್ನೂ ಹೊಳಪನ್ನೂ ನೋಡುವವರಿಗೆ ಇದು ಬೇಡದ ಕಾಳು. ಒಳರಚನೆ ಇಷ್ಟು ಬದಲಾಗಿದ್ದರೆ ಪ್ರೋಟೀನೂ ಬದಲಾಗಿರಬಹುದಲ್ಲ ಎಂಬ ಊಹೆಯಿಂದ ಕಾಳುಗಳು ಮರ್ಟ್ಸ್ ಅವರ ಪ್ರಯೋಗಾಲಯಕ್ಕೆ ಹೋದವು. 1963ರಲ್ಲಿ ವಿದ್ಯಾರ್ಥಿ ಲಿನ್ ಬೇಟ್ಸ್ ಜೊತೆ ಮರ್ಟ್ಸ್ ಅಳೆದರು. ಸಾಮಾನ್ಯ ಜೋಳದಲ್ಲಿ ನೂರು ಗ್ರಾಂ ಪ್ರೋಟೀನಿಗೆ 2 ಗ್ರಾಂ ಲೈಸೀನ್ ಇದ್ದರೆ ಇದರಲ್ಲಿ 3.39 ಗ್ರಾಂ. ಲೈಸೀನ್ ಇಲ್ಲದ ಝೀನ್ ಇಳಿದು, ಲೈಸೀನ್ ಉಳ್ಳ ಬೇರೆ ಪ್ರೋಟೀನುಗಳು ಆ ಜಾಗ ತುಂಬಿದ್ದವು.

1.39 ಗ್ರಾಂ ಹೆಚ್ಚಳ ಬೇರೆಯವರ ಕಣ್ಣಿಗೆ ಏನೂ ಅಲ್ಲ. ಹದಿನೈದು ವರ್ಷ ಹಂದಿಯ ತೂಕದಲ್ಲಿ ಲೈಸೀನನ್ನು ಓದಿದ್ದವರಿಗೆ ಅದರ ಬೆಲೆ ಗೊತ್ತಿತ್ತು. 1964ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಈ ಶೋಧವನ್ನು ತಳಿವಿಜ್ಞಾನದ ಖಾತೆಗೆ ಬರೆಯುವುದು ರೂಢಿ; ನನ್ನ ಕೇಳಿದರೆ ಅರ್ಧ ಪಾಲು ಹಂದಿದೊಡ್ಡಿಗೆ ಸಲ್ಲಬೇಕು. ಇನ್ನೊಂದು ತಮಾಷೆ: ಈ ಮಂಕು ತಳಿ ಮೊದಲು ಸಿಕ್ಕಿದ್ದು ಕನೆಕ್ಟಿಕಟ್‌ನಲ್ಲಿ, ಹೆಸರಿಟ್ಟವರು ಆಸ್ಬರ್ನ್ ಕೆಲಸ ಮಾಡಿದ ಅದೇ ಕೃಷಿ ಸಂಶೋಧನಾ ಕೇಂದ್ರದವರು. ಝೀನ್‌ನ ದೋಷ ಪತ್ತೆಯಾದ ಸಂಸ್ಥೆಯಲ್ಲೇ ಅದಕ್ಕೆ ಮದ್ದಾಗುವ ಕಾಳೂ ಇತ್ತು.

ಇಲಿಗಳ ಮೇಲಿನ ಪರೀಕ್ಷೆ 1965ರಲ್ಲಿ ಪ್ರಕಟವಾಯಿತು. 28 ದಿನದಲ್ಲಿ ಸಾಮಾನ್ಯ ಜೋಳ ತಿಂದವು 27 ಗ್ರಾಂ ಹೆಚ್ಚಿದರೆ ಓಪೇಕ್-2 ತಿಂದವು 97 ಗ್ರಾಂ. ಪರ್ಡ್ಯೂದ ಹಂದಿಗಳೂ ಸಾಕ್ಷಿ ಹೇಳಿದವು: ಸೋಯಾ ಹಿಂಡಿಯಿಲ್ಲದೆ ಬರೀ ಈ ಜೋಳದ ಮೇಲೆ ಬೆಳೆದ ಮರಿ, ಮಾಮೂಲಿ ಜೋಳ ತಿಂದದ್ದನ್ನು ಬಹಳ ಹಿಂದೆ ಹಾಕಿತು.

ಹೊಲ ಮಾತ್ರ ಒಪ್ಪಲಿಲ್ಲ. ಮೆತ್ತನೆಯ ಕಾಳಿಗೆ ತೂಕ ಕಡಿಮೆ, ತೆನೆ ಬೇಗ ಕೊಳೆಯುತ್ತದೆ, ಕಣಜದಲ್ಲಿ ನುಸಿ ಹತ್ತುತ್ತದೆ. ಭಾರತದಲ್ಲೂ 1971ರ ಸುಮಾರಿಗೆ ಶಕ್ತಿ, ರತನ್, ಪ್ರೋಟೀನಾ ಎಂಬ ಓಪೇಕ್-2 ತಳಿಗಳು ಬಂದವು, ಹೆಚ್ಚು ಕಾಲ ಬಾಳಲಿಲ್ಲ. ಗುಣ ಉಳಿಸಿಕೊಂಡೇ ಕಾಳನ್ನು ಗಟ್ಟಿ ಮಾಡಲು ಮೆಕ್ಸಿಕೋದಲ್ಲಿ ಭಾರತ ಮೂಲದ ಸುರಿಂದರ್ ವಾಸಲ್ ಮತ್ತು ಇವಾಂಜೆಲಿನಾ ವಿಯೇಗಾಸ್ ದಶಕಗಳೇ ಶ್ರಮಿಸಬೇಕಾಯಿತು. 2000ದ ವಿಶ್ವ ಆಹಾರ ಪ್ರಶಸ್ತಿ ಅವರಿಗೆ ಬಂತು.

ಅಷ್ಟರಲ್ಲಿ ಹಂದಿ ಸಾಕುವವರು ಬೇರೆ ದಾರಿ ಹಿಡಿದಾಗಿತ್ತು. 1950ರ ದಶಕದ ಕೊನೆಗೆ ಜಪಾನಿನಲ್ಲಿ ಬ್ಯಾಕ್ಟೀರಿಯಾ ಹುದುಗಿಸಿ ಲೈಸೀನ್ ತೆಗೆಯುವ ವಿಧಾನ ಸಿದ್ಧವಾಗಿತ್ತು. ಅದು ಅಗ್ಗವಾದಂತೆ, ಜೋಳವನ್ನೇ ತಿದ್ದುವ ಬದಲು ಮೇವಿಗೆ ಬಿಳಿ ಪುಡಿ ಬೆರೆಸುವುದು ಸಲೀಸಾಯಿತು. ಇಂದು ದಾವಣಗೆರೆ, ಹಾವೇರಿಯ ಮೆಕ್ಕೆಜೋಳ ಕೋಳಿ ಆಹಾರವಾಗುವಾಗಲೂ ಲೆಕ್ಕ ಅದೇ: ಜೋಳ, ಸೋಯಾ ಹಿಂಡಿ, ಚೀಲದ ಅಮೈನೋ ಆಮ್ಲ.

ಲೈಸೀನ್ ತುಂಬಿಕೊಟ್ಟ ಮೇಲೆ ಮುಂದೆ ಕೊರತೆ ಬೀಳುವುದು ಯಾವುದು? ಥ್ರಿಯೋನೀನೇ, ಟ್ರಿಪ್ಟೋಫ್ಯಾನೇ? ಸ್ಕಾಟ್ಲೆಂಡಿನ ಅಬರ್ಡೀನ್ ಬಳಿಯ ರೋವೆಟ್ ಸಂಸ್ಥೆಯಲ್ಲಿ ವಾಂಗ್ ಮತ್ತು ಫುಲರ್ ಇದಕ್ಕೆ ಮರ್ಟ್ಸ್ ಅವರ ಬಿಟ್ಟು ನೋಡುವ ಉಪಾಯವನ್ನೇ ನವಿರು ಮಾಡಿಕೊಂಡರು. ಪೂರ್ತಿ ಬಿಡದೆ ಒಂದೊಂದನ್ನೂ ಐದನೇ ಒಂದು ಪಾಲಿನಷ್ಟು ತಗ್ಗಿಸಿ, ಹಂದಿಯ ಮೈಯಲ್ಲಿ ಉಳಿದ ಸಾರಜನಕವನ್ನು ಅಳೆದರು. 1989ರಲ್ಲಿ ಹೊರಬಂದ ಅವರ ಅನುಪಾತದಲ್ಲಿ ಲೈಸೀನ್ 100 ಆದರೆ ಥ್ರಿಯೋನೀನ್ 72, ಟ್ರಿಪ್ಟೋಫ್ಯಾನ್ 18. ಈ ಬಗೆಯ ಲೆಕ್ಕ ಹಿಡಿದು ಮೇವು ಕಲಸಿದರೆ ಒಟ್ಟು ಪ್ರೋಟೀನನ್ನು ತಗ್ಗಿಸಬಹುದು, ಬೆಳವಣಿಗೆ ಕುಗ್ಗುವುದಿಲ್ಲ. ಮೇವಿನ ಪ್ರೋಟೀನ್ ಶೇಕಡಾ 16ರಿಂದ 15ಕ್ಕೆ ಇಳಿದರೆ ಹಂದಿ ಹೊರಹಾಕುವ ಸಾರಜನಕ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. ಹಂದಿಗೊಬ್ಬರದಿಂದ ಅಂತರ್ಜಲ ಕೆಡಿಸಿಕೊಂಡ ನೆದರ್ಲೆಂಡ್ಸ್‌ನಂಥ ದೇಶಗಳು ಈ ಅನುಪಾತಗಳನ್ನು ಬಲು ಆಸ್ಥೆಯಿಂದ ಓದಿದ್ದಕ್ಕೆ ಕಾರಣ ಅದು.