ಸ್ಟೇನ್‌ಲೆಸ್ ಸ್ಟೀಲ್ ಬೆಸುಗೆಗಳ ಡೈ ಪೆನಿಟ್ರೆಂಟ್ ಸೋರಿಕೆ ಪರೀಕ್ಷೆ: ವಿಳಂಬದ ಕಾರಣಗಳು ಮತ್ತು ಪರಿಹಾರ

ಮಂಗಳೂರು ನಗರದ ಬೈಕಂಪಾಡಿ ಕೈಗಾರಿಕಾ ಪ್ರದೇಶ ಹಾಗೂ ಸುತ್ತಮುತ್ತಲಿನ ಘಟಕಗಳಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕು ಮತ್ತು ಪೈಪುಗಳು ಬಳಕೆಯಲ್ಲಿವೆ. ಇವುಗಳ ತಪಾಸಣೆಗೆ ಅರ್ಜಿ ಸಲ್ಲಿಸುವ ಮುನ್ನ ಘಟಕದವರು ಬೆಸುಗೆಯ ಸೋರಿಕೆಯನ್ನು ಸ್ವತಃ ಪರಿಶೀಲಿಸಿಕೊಳ್ಳುವುದು ಸೂಕ್ತ. ಈ ಪರೀಕ್ಷೆ ನಿಧಾನವಾದಾಗ ಅನುಸರಿಸಬೇಕಾದ ಕ್ರಮಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಪರೀಕ್ಷೆಯ ವಿಧಾನ

ಮೇಲ್ಮೈ ಬಿರುಕು ಪತ್ತೆಹಚ್ಚಲು ಕೆಂಪು ದ್ರವ ಮತ್ತು ಬಿಳಿ ಡೆವಲಪರ್ ಎರಡನ್ನೂ ಒಂದೇ ಬದಿಗೆ ಲೇಪಿಸಲಾಗುತ್ತದೆ. ಸಾಮಾನ್ಯವಾಗಿ 5ರಿಂದ 52 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲಿ ಬೆಸುಗೆಗೆ ಕನಿಷ್ಠ 5 ನಿಮಿಷಗಳ ಅವಧಿ ನೀಡಲಾಗುತ್ತದೆ. ಸೋರಿಕೆ ಪರೀಕ್ಷೆಯಲ್ಲಾದರೋ ದ್ರವವನ್ನು ಒಂದು ಬದಿಗೆ, ಡೆವಲಪರನ್ನು ಇನ್ನೊಂದು ಬದಿಗೆ ಲೇಪಿಸಬೇಕು. ದ್ರವವು ತಗಡಿನ ಪೂರ್ಣ ದಪ್ಪವನ್ನು ದಾಟಬೇಕಾದುದರಿಂದ 5 ನಿಮಿಷಗಳ ನಿಯಮ ಇಲ್ಲಿ ಅನ್ವಯಿಸುವುದಿಲ್ಲ. ದಪ್ಪ ತಗಡಿನಲ್ಲಿ ಸೂಕ್ಷ್ಮ ರಂಧ್ರವಿದ್ದಲ್ಲಿ ಹಲವು ಗಂಟೆಗಳು ಬೇಕಾಗಬಹುದು.

ವಿಳಂಬದ ಕಾರಣಗಳು ಮತ್ತು ಪರಿಹಾರ

1. ತೇವ: ನೀರಿನ ಒತ್ತಡ ಪರೀಕ್ಷೆಯ ನಂತರ ರಂಧ್ರದಲ್ಲಿ ಉಳಿದ ನೀರು ದ್ರವವನ್ನು ತಡೆಯುತ್ತದೆ. ಆದುದರಿಂದ ಡೈ ಪರೀಕ್ಷೆಯನ್ನು ಮೊದಲು ನಡೆಸತಕ್ಕದ್ದು. ಈಗಾಗಲೇ ನೀರು ತುಂಬಿಸಿದ್ದಲ್ಲಿ ಬಿಸಿಗಾಳಿಯಿಂದ ಪೂರ್ಣವಾಗಿ ಒಣಗಿಸಿ, ಲೋಹ ತಣಿದ ಮೇಲೆ ಪರೀಕ್ಷಿಸಬೇಕು. ಮಳೆಗಾಲದಲ್ಲಿ ಈ ಬಗ್ಗೆ ವಿಶೇಷ ಗಮನ ಅಗತ್ಯ.

2. ಬಿಸಿಲು: ಮಂಗಳೂರಿನ ವಾತಾವರಣದ ಉಷ್ಣಾಂಶ ಪರೀಕ್ಷೆಗೆ ಅಡ್ಡಿಯಲ್ಲ. ಆದರೆ ಬಿಸಿಲಿಗೆ ಕಾದ ತಗಡಿನ ಮೇಲೆ ದ್ರವ ಬೇಗ ಒಣಗುತ್ತದೆ. ನೆರಳಿನಲ್ಲಿ ಪರೀಕ್ಷಿಸಿ, ಅವಧಿ ಮುಗಿಯುವವರೆಗೂ ದ್ರವವನ್ನು ಮರುಲೇಪಿಸುತ್ತಿರಬೇಕು.

3. ಮುಚ್ಚಿದ ರಂಧ್ರ: ಗ್ರೈಂಡಿಂಗ್‌ನಿಂದ ಹರಡಿದ ಲೋಹ, ಸ್ಲ್ಯಾಗ್ ಮತ್ತು ಎಣ್ಣೆಯ ಅಂಶ ರಂಧ್ರದ ಬಾಯಿಯನ್ನು ಮುಚ್ಚುತ್ತವೆ. ಸಾಧ್ಯವಾದಷ್ಟು ಗ್ರೈಂಡಿಂಗ್‌ಗೆ ಮೊದಲೇ ಪರೀಕ್ಷಿಸಬೇಕು. ಸ್ಟೇನ್‌ಲೆಸ್ ಸ್ಟೀಲಿಗೆಂದೇ ಮೀಸಲಿಟ್ಟ ತಂತಿ ಬ್ರಷ್ಷನ್ನು ಮಾತ್ರ ಬಳಸತಕ್ಕದ್ದು.

4. ಡೆವಲಪರ್: ದಪ್ಪ ಲೇಪನವು ಸಣ್ಣ ಗುರುತನ್ನು ಮರೆಮಾಡುತ್ತದೆ. ತೆಳುವಾಗಿ, ಸಮನಾಗಿ ಲೇಪಿಸಬೇಕು.

ಸಮಯದ ಅಭಾವವಿದ್ದಲ್ಲಿ ಅವಧಿಯನ್ನು ಕಡಿತಗೊಳಿಸದೆ ವಿಧಾನವನ್ನು ಬದಲಿಸುವುದು ಸೂಕ್ತ. ಸಾಬೂನು ನೀರಿನ ಗುಳ್ಳೆ ಪರೀಕ್ಷೆ ಅಥವಾ ಟ್ಯಾಂಕಿನ ತಳಭಾಗಕ್ಕೆ ನಿರ್ವಾತ ಪೆಟ್ಟಿಗೆಯ ಪರೀಕ್ಷೆ ಶೀಘ್ರ ಫಲಿತಾಂಶ ನೀಡುತ್ತದೆ. ಸಂಕುಚಿತ ಗಾಳಿಯಿಂದ ಟ್ಯಾಂಕು ಸಿಡಿಯುವ ಅಪಾಯವಿರುವುದರಿಂದ ಗಾಳಿಯ ಒತ್ತಡವನ್ನು ಸಮರ್ಥ ವ್ಯಕ್ತಿಯ ಮೇಲ್ವಿಚಾರಣೆಯಲ್ಲಿ ಮಾತ್ರ ನೀಡತಕ್ಕದ್ದು.

ಎಚ್ಚರಿಕೆಗಳು

• ಕ್ಲೋರೈಡ್ ಅಂಶವು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಬಿರುಕುಂಟುಮಾಡಬಲ್ಲದು. ಕ್ಲೋರಿನ್ ಮತ್ತು ಫ್ಲೋರಿನ್ ಪ್ರಮಾಣ ಸೀಮಿತವಾಗಿರುವ, ಪ್ರಮಾಣೀಕೃತ ಸಾಮಗ್ರಿಗಳನ್ನೇ ಬಳಸಬೇಕು.
• ಈ ದ್ರಾವಕಗಳಲ್ಲಿ ಹೆಚ್ಚಿನವು ಬೇಗ ಹೊತ್ತಿಕೊಳ್ಳುತ್ತವೆ. ಟ್ಯಾಂಕಿನೊಳಗೆ ಗಾಳಿಯ ಸಂಚಾರವಿಲ್ಲದೆ ಕೆಲಸ ಮಾಡಬಾರದು. ಸಮೀಪದಲ್ಲಿ ಬೆಂಕಿ ಇರಕೂಡದು.
• ದ್ರವವನ್ನು ಪೂರ್ಣವಾಗಿ ತೆಗೆಯದೆ ಮರುಬೆಸುಗೆ ಹಾಕಿದಲ್ಲಿ ಹೊಸ ಬೆಸುಗೆಯೂ ದೋಷಪೂರಿತವಾಗುತ್ತದೆ.

ಕೆಂಪು ಗುರುತು ಕಾಣಲಿಲ್ಲವೆಂಬ ಮಾತ್ರಕ್ಕೆ ಸೋರಿಕೆ ಇಲ್ಲವೆಂದು ಭಾವಿಸತಕ್ಕದ್ದಲ್ಲ. ಈ ಪರೀಕ್ಷೆಯು ನಿಗದಿತ ಒತ್ತಡ ಪರೀಕ್ಷೆಗೆ ಪರ್ಯಾಯವೂ ಅಲ್ಲ. ತಗಡಿನ ದಪ್ಪ, ಉಷ್ಣಾಂಶ, ನೀಡಿದ ಅವಧಿ, ಬಳಸಿದ ಸಾಮಗ್ರಿ ಹಾಗೂ ಫಲಿತಾಂಶವನ್ನು ದಾಖಲಿಸಿಟ್ಟು, ತಪಾಸಣೆಯ ಸಮಯದಲ್ಲಿ ಹಾಜರುಪಡಿಸಲು ಅರ್ಜಿದಾರರನ್ನು ಕೋರಲಾಗಿದೆ.